ಓಲ್ಗೀನ್ ಬಸ್ಸಿಗೆ ಎರಡು ಸೀಟು

ನಾನು ಹುಟ್ಟಿದಾಗ ಅಳಲಿಲ್ಲವಂತೆ. ಸೂಲಗಿತ್ತಿಯ ಕೈಯಲ್ಲಿ ತಲೆಕೆಳಗಾಗಿ ನೇತಾಡುತ್ತಲೇ ವಾರ್ಡಿನ ಉಳಿದ ಕೂಸುಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, "ಕೊನೆಯವರು ಯಾರು?" ಎಂದು ಕೇಳಿದೆನಂತೆ! ಸಂಶಯವಿದ್ದರೆ ಕಮಾಗ್ವೆ ಪಟ್ಟಣದ ನಮ್ಮ ಬೀದಿಯಲ್ಲಿ ಯಾರನ್ನಾದರೂ ವಿಚಾರಿಸಿ. ಈ ಮಾತನ್ನು ಮೊದಲು ಹಬ್ಬಿಸಿದವನು ನಾನೇ ಎಂಬುದು ನಿಜ. ಆದರೆ ಈಗ ಜನ ಅದನ್ನು ನನಗೇ ಹೇಳುತ್ತಾರೆ, ಅದೂ ತಾವು ಹೆರಿಗೆ ಕೋಣೆಯಲ್ಲಿ ದೀಪ ಹಿಡಿದು ನಿಂತಿದ್ದವರ ಹಾಗೆ!

ಎಲ್ಲಕ್ಕೂ ಮೂಲ ನನ್ನದೊಂದು ಸಣ್ಣ ಚಟ. ಇಬ್ಬರು ಒಬ್ಬರ ಹಿಂದೊಬ್ಬರು ನಿಂತಿರುವುದು ಕಂಡರೆ ಮೂರನೆಯವನಾಗಿ ನಾನು ನಿಲ್ಲಲೇಬೇಕು. ಯಾತಕ್ಕೆ ಎಂದು ಕೇಳುವುದು ಆಮೇಲೆ. ಹೀಗೆ ನಿಂತು ಒಮ್ಮೆ ಪರಿಚಯವೇ ಇಲ್ಲದವರ ಶವಕ್ಕೆ ಹೆಗಲು ಕೊಟ್ಟು, ಮಣ್ಣು ಹಾಕಿ, ವಿಧವೆಯನ್ನು ಸಮಾಧಾನಪಡಿಸಿ ಬಂದಿದ್ದೇನೆ. ನನ್ನ ಮದುವೆಯ ದಿನ ವಧು ನೆರೈದಾ ನೋಂದಣಿ ಕಚೇರಿಯ ಒಳಗೆ ಹೂಗುಚ್ಛ ಹಿಡಿದು ಕಾಯುತ್ತಿದ್ದರೆ, ವರ ಪಕ್ಕದ ಅಂಗಡಿಯ ಮುಂದೆ ಸೋಪಿನ ಕ್ಯೂನಲ್ಲಿದ್ದ! ಓಡೋಡಿ ಬಂದು ಸಹಿ ಹಾಕಿದಾಗ ಧರ್ಮಪತ್ನಿ ಆಡಿದ ಮೊದಲ ಮಾತು: "ಸೋಪು ಸಿಕ್ತಾ?"

ಸಿಕ್ಕಿತ್ತು. ಅದಕ್ಕೇ ಸಂಸಾರ ನಡೆಯಿತು.

ಮುಂದೆ ಈ ಚಟವೇ ಅನ್ನ ಹಾಕಿತು. ಕೋಳಿ, ಅಡುಗೆ ಎಣ್ಣೆ, ಚಪ್ಪಲಿ, ಹಲ್ಲಿನ ಡಾಕ್ಟರು, ಬಸ್ಸು, ಯಾವುದಕ್ಕಾದರೂ ಸರಿ, ಜನ ನನಗೆ ಹೇಳಿಟ್ಟು ತಮ್ಮ ಪಾಡಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅವರ ಬದಲಿಗೆ ನಾನು ಕಾಯುತ್ತಿದ್ದೆ. ಇದೇನು ಮಹಾ, ಸುಮ್ಮನೆ ನಿಲ್ಲುವುದು ತಾನೇ ಎನ್ನುವವರು ಇನ್ನೂ ಕಣ್ಣು ಬಿಡದ ಮಕ್ಕಳು. ನಮ್ಮ ವಿದ್ಯೆ ನಿಲ್ಲುವುದರಲ್ಲಿಲ್ಲ, ನೆನಪಿಡುವುದರಲ್ಲಿದೆ. ಬಂದವನು "ಕೊನೆಯವರು ಯಾರು?" ಎಂದು ಕೂಗಬೇಕು. ಎಲ್ಲೋ ಒಂದು ಕೈ ಏಳುತ್ತದೆ. ಆ ಮುಖವನ್ನು ಗುರುತಿಟ್ಟುಕೊಂಡರೆ ಆಯಿತು, ನೆರಳಿಗೆ ಹೋಗಿ ಕೂರಬಹುದು, ಕಾಫಿ ಕುಡಿದು ಬರಬಹುದು. ಕೊನೆಯವನು ಮಾತ್ರ ಅಲ್ಲಾಡುವಂತಿಲ್ಲ. ತನ್ನ ನಂತರ ಬಂದವನಿಗೆ ಆ ಕೊನೆಯ ಪಟ್ಟವನ್ನು ಒಪ್ಪಿಸಿಕೊಟ್ಟ ಮೇಲೆಯೇ ಅವನಿಗೆ ಬಿಡುಗಡೆ. ಒಂದು ಬೆಳಿಗ್ಗೆ ಬೇರೆ ಬೇರೆ ಅಂಗಡಿಗಳಲ್ಲಿ ಹಸಿರು ಲಂಗದವಳ ಹಿಂದೆ, ಬೋಳುತಲೆಯವನ ಹಿಂದೆ, ಹುಂಜ ಹಿಡಿದ ಅಜ್ಜಿಯ ಹಿಂದೆ ಏಕಕಾಲಕ್ಕೆ ನಾನಿರುತ್ತಿದ್ದೆ. ದೇವರನ್ನು ಬಿಟ್ಟರೆ ಇಷ್ಟು ಕಡೆ ಇರುವವನು ಈ ಎವೇಲಿಯೊ ಒಬ್ಬನೇ!

ನನ್ನ ವೃತ್ತಿಧರ್ಮ ಎರಡೇ. ಹಿಡಿದ ಜಾಗವನ್ನು ಪ್ರಾಣ ಹೋದರೂ ಬಿಡಬಾರದು. ಯಾಕೆ, ಯಾರಿಗೆ ಎಂದು ಗಿರಾಕಿಯನ್ನು ಕೇಳಬಾರದು.

ಇಷ್ಟು ದೊಡ್ಡ ಮನುಷ್ಯ ಒಂದು ದಿನ ಪಣ ತೊಟ್ಟೆ: ಊರಿಗೆಲ್ಲ ನಿಂತವನು ಈ ಸಲ ಹೆಂಡತಿಗಾಗಿ ನಿಲ್ಲುತ್ತೇನೆ, ಅವಳ ಕಣ್ಣಲ್ಲಿ ಆನಂದಬಾಷ್ಪ ಬರಿಸಿಯೇ ತೀರುತ್ತೇನೆ!

ನಮ್ಮ ಮನೆಯಲ್ಲೊಂದು ಮೇಜಿನ ಫ್ಯಾನು. ಬಟ್ಟೆ ಒಗೆಯುವ ಯಾವುದೋ ಕೆಟ್ಟ ಯಂತ್ರದ ಮೋಟಾರು, ಇನ್ಯಾವುದರದೋ ರೆಕ್ಕೆ, ಟೆಲಿಫೋನಿನ ಕೆಳಭಾಗ ಸೇರಿಸಿ ಹುಟ್ಟಿಸಿದ ಪ್ರಾಣಿ ಅದು. ಎಡಕ್ಕೆ ತಿರುಗುವಾಗ "ಘರ್ರ್ರ್" ಎಂದು ಏದುಸಿರು ಬಿಟ್ಟು, ಬಲಕ್ಕೆ ಮರಳುವಾಗ "ಶ್ಶ್ಶ್" ಎಂದು ನಿಟ್ಟುಸಿರು ಬಿಡುತ್ತಿತ್ತು. ಬಂದ ನೆಂಟರು ಮರುದಿನವೇ ಹೊರಟು ಹೋಗುತ್ತಿದ್ದರು. ಅದನ್ನು ಹೊತ್ತು ರಿಪೇರಿ ಅಂಗಡಿಯ ಕ್ಯೂ ನಿಂತೆ. ಮೆಕ್ಯಾನಿಕ್ ಒಸ್ವಾಲ್ದೊ ನೋಡಲು ಚೆಲುವ, ತಲೆಗೂದಲಿಗೆ ಎಣ್ಣೆ, ಕೈಗೂ ಎಣ್ಣೆ. ಅವನು ಅದರ ಕರುಳನ್ನೆಲ್ಲ ಹೊರಗೆಳೆದು ಹೊಸ ಬೇರಿಂಗ್ ಹಾಕಿ ಕೊಟ್ಟ. ವಿಜಯಯಾತ್ರೆ ಮನೆಗೆ ಬಂತು!

"ಕಣ್ಣು ಮುಚ್ಚು ನೆರೈದಾ," ಎಂದು ಗುಂಡಿ ಒತ್ತಿದೆ. "ಏನಾದ್ರೂ ಕೇಳಿಸ್ತಾ?"

"ಇಲ್ಲ."

"ಏನೂ?"

"ಏನೂ ಇಲ್ಲ. ಕರೆಂಟು ಹೋಯ್ತಾ?"

"ಕಣ್ಣು ಬಿಡು! ತಿರುಗ್ತಾ ಇದೆ! ಬೆಕ್ಕು ನಡೆದ ಹಾಗೆ ತಿರುಗ್ತಾ ಇದೆ!"

ಅವಳು ಕಣ್ಣು ಬಿಟ್ಟಳು. ತೂಗುಕುರ್ಚಿಯಲ್ಲಿ ಕುಳಿತು ಫ್ಯಾನನ್ನೇ ನೋಡಿದಳು. ಕಣ್ಣಲ್ಲಿ ನೀರು ಬಂತು. ನಾನು ಮೀಸೆ ತಿರುವಿದೆ. ಆದರೆ ನೀರು ಬರುತ್ತಲೇ ಹೋಯಿತು, ನಿಲ್ಲಲಿಲ್ಲ. ಇಷ್ಟೊಂದು ಆನಂದವಾಗುವಂಥ ಫ್ಯಾನೇನೂ ಅದಲ್ಲವಲ್ಲ ಎಂದು ಮೀಸೆಯಿಂದ ಕೈ ತೆಗೆದೆ.

"ಸಮುದ್ರ ತೆಗೆದುಬಿಟ್ಯಲ್ಲೋ ಮುದುಕಾ," ಎಂದಳು.

ನೆರೈದಾ ಗಿಬಾರಾದವಳು. ಅವಳ ಅಪ್ಪನ ಮನೆಯ ಹಿಂಬಾಗಿಲು ತೆಗೆದರೆ ಸಮುದ್ರ. ಅಲ್ಲಿಂದ ಅವಳನ್ನು ನೂರಾರು ಮೈಲಿ ದೂರದ, ಒಳನಾಡಿನ ನಮ್ಮೂರಿಗೆ ಕರೆತಂದವನು ನಾನು. ಮಳೆನೀರು ತುಂಬಿಡುವ ಆಳೆತ್ತರದ ಮಣ್ಣಿನ ಗುಡಾಣಗಳು ನಮ್ಮೂರಿನ ಮನೆಮನೆಯಲ್ಲಿವೆ. ಆ ನೀರು ಕುಡಿದವರು ಊರು ಬಿಟ್ಟು ಹೋಗುವುದಿಲ್ಲ ಎಂಬುದು ನಮ್ಮ ಹಿರಿಯರ ನಂಬಿಕೆ. ಪ್ರೀತಿಸುವ ಕಾಲದಲ್ಲಿ ಅವಳಿಗೆ ಅದನ್ನು ಲೋಟದ ಮೇಲೆ ಲೋಟ ಕುಡಿಸಿದ್ದೆ. ಹೊಟ್ಟೆ ಕೆಟ್ಟು ವಾರ ಮಲಗಿದಳು, ಆದರೆ ಉಳಿದಳು! ಪ್ರತಿ ಬೇಸಿಗೆಗೂ ಸಮುದ್ರಕ್ಕೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಪ್ರತಿ ಬೇಸಿಗೆಯಲ್ಲೂ ಯಾರದೋ ಕೋಳಿ, ಯಾರದೋ ಹಲ್ಲು ಅಡ್ಡ ಬಂತು. ಅವಳು ಮಾತಾಡದೆ ಸಂಜೆ ದೀಪ ಆರಿಸಿ, ಫ್ಯಾನು ಹಾಕಿ, ತೂಗುಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಸೆಕೆಗೆ ಎಂದುಕೊಂಡಿದ್ದೆ. ಅವಳು ಘರ್ರ್ ಎಂದಾಗ ಅಲೆ ಏರುವುದನ್ನೂ, ಶ್ಶ್ ಎಂದಾಗ ಅದು ಮರಳಿನಿಂದ ಹಿಂದಕ್ಕೆ ಜಾರುವುದನ್ನೂ ಕೇಳುತ್ತಿದ್ದಳಂತೆ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ನಾನು ಫ್ಯಾನಿನ ಮುಂದೆ, ಅವಳು ದಡದಲ್ಲಿ!

"ಒಸ್ವಾಲ್ದೊ ಹತ್ರ ಹೋಗಿ ಮೊದಲಿನ ಹಾಗೆ ಮಾಡಿಸ್ತೀನಿ ಬಿಡು," ಎಂದೆ.

ಅವಳೇ ಹೋದಳು. ಎರಡು ಸಲ ಹೋದಳು. ಕೆಟ್ಟದ್ದನ್ನು ಸರಿಮಾಡಬಲ್ಲೆ, ಸರಿಯಿದ್ದದ್ದನ್ನು ಮೊದಲಿನ ಹಾಗೆಯೇ ಕೆಡಿಸಲು ನನಗೆ ಬಾರದು ಎಂದು ಅವನು ಕೈ ಚೆಲ್ಲಿದನಂತೆ. ಬಂದವಳೇ ಹೇಳಿದಳು: "ನಾನು ಗಿಬಾರಾಕ್ಕೆ ಹೋಗ್ತೀನಿ. ಅಕ್ಕನ ಮನೇಲಿರ್ತೀನಿ."

"ಎಷ್ಟು ದಿನ?"

"ಸಮುದ್ರ ಸಾಕು ಅನ್ನಿಸೋವರೆಗೆ."

ನನಗೆ ಎದೆ ಧಸಕ್ಕೆಂದಿತು. ಧಸಕ್ಕೆಂದಾಗ ನನ್ನ ಬಾಯಿ ಜೋರಾಗುತ್ತದೆ, ಹುಟ್ಟುಗುಣ. "ಹೋಗು! ಹೇಗೆ ಹೋಗ್ತೀಯೋ ನಾನೂ ನೋಡ್ತೀನಿ! ಈ ಊರಲ್ಲಿ ಎವೇಲಿಯೊ ನಿಲ್ಲದೆ ಯಾವ ಬಸ್ಸಲ್ಲಿ ಯಾರಿಗೆ ಸೀಟು ಸಿಕ್ಕಿದೆ?" ಎಂದು ಗುಡುಗಿ, ಕೋಟೆಯ ಬಾಗಿಲ ಕೀಲಿ ಸೊಂಟದಲ್ಲಿರುವ ರಾಜನಂತೆ ಮಲಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ನೆರೈದಾ! ತಲೆ ಬಾಚಿ, ಕೈಚೀಲ ಹಿಡಿದು, ಬೀದಿಯಲ್ಲಿ ನಿಂತಿದ್ದಾಳೆ.

"ಕ್ಯೂ ನಿಲ್ಲೋ ಎವೇಲಿಯೊ ಅವರ ಮನೆ ಇದೇನಾ?"

"ಏನೇ ಇದು ನಾಟಕ? ಒಳಗೆ ಬಾ."

"ಇಲ್ಲೇ ಹೇಳ್ತೀನಿ. ಗುರುವಾರದ ಓಲ್ಗೀನ್ ಬಸ್ಸು. ಅಲ್ಲಿಂದ ಗಿಬಾರಾಕ್ಕೆ ಲಾರಿ ಸಿಗತ್ತೆ. ಎರಡು ಸೀಟು ಬೇಕು."

"ಎರಡಾ?" ನನ್ನ ದನಿ ಕೀರಲಾಯಿತು. "ಇನ್ನೊಂದು ಯಾರಿಗೆ?"

"ಯಾಕ್ರೀ, ಪಕ್ಕದ ಮನೆಯವಳು ಎರಡು ಕೋಳಿ ಹೇಳಿದ್ರೆ ಇನ್ನೊಂದು ಯಾರಿಗೆ ಅಂತ ಕೇಳ್ತೀರಾ? ಗಿರಾಕಿ ಹತ್ರ ಕೇಳಬಾರದು ಅನ್ನೋದು ನಿಮ್ಮ ನೇಮ ಅಂತ ಊರೆಲ್ಲ ಹೇಳ್ತಾರಪ್ಪ." ಮುಂಗಡವನ್ನು ನನ್ನ ಕೈಯಲ್ಲಿಟ್ಟು, ನನ್ನ ಪಕ್ಕದಿಂದ ಸರಿದು ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ಓದುಗರೇ, ಆ ಇನ್ನೊಂದು ಸೀಟು ಯಾರಿಗೆಂದು ನಿಮಗೆ ಈಗಾಗಲೇ ಹೊಳೆದಿರಬಹುದು. ನಿಮಗೆ ಹೊಳೆಯುತ್ತದೆ, ಯಾಕೆಂದರೆ ನೀವು ಅವಳ ಗಂಡನಲ್ಲ. ನನಗೆ ಹೊಳೆದದ್ದು ಒಂದೇ ಮುಖ: ಎಣ್ಣೆಗೂದಲಿನ ಒಸ್ವಾಲ್ದೊ! ಎರಡು ಸಲ ಅವನ ಅಂಗಡಿಗೆ ಹೋಗಿದ್ದಳಲ್ಲ! ಎಂಥ ಬೇರಿಂಗ್ ಹಾಕಿದನಯ್ಯಾ ಪಾಪಿ!

ಗುರುವಾರದವರೆಗೆ ನನ್ನ ಸ್ಥಿತಿ ಶತ್ರುವಿಗೂ ಬೇಡ. ಜಾಗ ಹಿಡಿದುಕೊಟ್ಟರೆ ಹೆಂಡತಿ ಹೋಗುತ್ತಾಳೆ, ಅದೂ ಜೊತೆಗಾರನೊಂದಿಗೆ. ಹಿಡಿಯದಿದ್ದರೆ ಎವೇಲಿಯೊನ ಕೀರ್ತಿ ಹೋಗುತ್ತದೆ. ಕೊನೆಗೆ ಮಹಾಪುರುಷರು ಮಾಡುವ ತ್ಯಾಗವನ್ನೇ ಮಾಡಿದೆ: ಕೀರ್ತಿ ಹೋಗಲಿ! ಕ್ಯೂನಲ್ಲಿ ನಿಲ್ಲುತ್ತೇನೆ, ಆದರೆ ಯಾರಿಗೂ ಗೊತ್ತಾಗದಂತೆ ಜಾಗ ಕಳೆದುಕೊಳ್ಳುತ್ತೇನೆ. ಬಸ್ಸು ತುಂಬಿ ಹೋಗಲಿ, ನೆರೈದಾ ಉಳಿಯಲಿ.

ಗುರುವಾರ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗಿ, "ಓಲ್ಗೀನ್‌ಗೆ ಕೊನೆಯವರು ಯಾರು?" ಎಂದು ಆದಷ್ಟು ಸಣ್ಣ ದನಿಯಲ್ಲಿ ಕೇಳಿದೆ. ಬಸ್ಸು ಪಶ್ಚಿಮದಿಂದ ತುಂಬಿಕೊಂಡೇ ಬರುತ್ತದೆ; ಖಾಲಿ ಇರುವ ನಾಲ್ಕಾರು ಸೀಟು ಮಾತ್ರ ನಮ್ಮೂರಿಗೆ. ನನ್ನ ಮುಂದೆ ಇಬ್ಬರೇ ಇದ್ದರು. ಛೇ, ಕಳೆದುಕೊಳ್ಳಬೇಕೆಂದಾಗಲೇ ಎಂಥ ಚಿನ್ನದಂಥ ಜಾಗ! ನನ್ನ ಹಿಂದೆ ಬಂದವರು ಸೆರಾಫಿನ್ ಮೇಷ್ಟ್ರು. ನಿವೃತ್ತ ಸಂಗೀತ ಶಿಕ್ಷಕರು, ನನ್ನ ಹಳೆಯ ಗಿರಾಕಿ. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು.

"ಎವೇಲಿಯೊ ಮುಂದಿದ್ದಾನೆ ಅಂದ್ಮೇಲೆ ಸೀಟು ಸಿಕ್ಕಿದ ಹಾಗೇ ಬಿಡಪ್ಪ!"

ಒಬ್ಬಳು ತುಂಬು ಗರ್ಭಿಣಿ ಬಂದಳು. ನಾನು ಹಾರಿ ಎದ್ದೆ. "ತಾಯಿ, ನನ್ನ ಜಾಗ ನಿನಗೆ! ಎರಡೂ ನಿನಗೇ! ನಾನು ಹಿಂದಕ್ಕೆ ಹೋಗ್ತೀನಿ!"

"ಅಯ್ಯೋ ಅಣ್ಣಾ, ನಾನು ಎಲ್ಲಿಗೂ ಹೋಗೋದಿಲ್ಲ. ನಮ್ಮೆಜಮಾನರಿಗೆ ಊಟ ತಂದೆ, ಅವರಿಲ್ಲಿ ಟೈರ್ ಹಾಕೋರು."

ಆಮೇಲೆ ಬೆಂಚಿನ ಮೇಲೆ ಮಲಗಿ ಗೊರಕೆ ಹೊಡೆದೆ. ಮಲಗಿದವನನ್ನು ದಾಟಿ ಹೋಗುವುದು ಮನುಷ್ಯ ಸ್ವಭಾವ ತಾನೇ? ಕಣ್ಣ ಸಂದಿಯಲ್ಲಿ ನೋಡಿದರೆ ಸೆರಾಫಿನ್ ಮೇಷ್ಟ್ರು ನನಗೆ ಗಾಳಿ ಬೀಸುತ್ತಿದ್ದಾರೆ! ಹುಂಜ ಹಿಡಿದಿದ್ದ ಅಜ್ಜಿಯೊಬ್ಬಳು ಹುಂಜದ ಕೊಕ್ಕು ಒತ್ತಿ ಹಿಡಿದು, "ಶ್, ಮೇಷ್ಟ್ರೇ, ಎವೇಲಿಯೊಗೆ ನಿದ್ದೆ ಕೆಡತ್ತೆ," ಎನ್ನುತ್ತಿದ್ದಾಳೆ!

ಎದ್ದು ನೇರವಾಗಿ ಹೇಳಿಬಿಟ್ಟೆ. "ಮೇಷ್ಟ್ರೇ, ನನ್ನ ಜಾಗ ರದ್ದು. ನಾನು ಕ್ಯೂನಲ್ಲಿಲ್ಲ. ನನ್ನನ್ನ ಮರೆತುಬಿಡಿ."

ಮೇಷ್ಟ್ರು ನಕ್ಕು ಅಜ್ಜಿಯ ಕಡೆ ತಿರುಗಿದರು. "ನಮ್ಮನ್ನ ಪರೀಕ್ಷೆ ಮಾಡ್ತಿದ್ದಾನೆ, ಕಳ್ಳ!"

ಸರಿ, ಇನ್ನು ಒಂದೇ ದಾರಿ. ನಿಲ್ದಾಣದ ಹಿಂದೆ ಪಾರ್ಸೆಲ್ ಅಂಗಳ, ಅದರಾಚೆ ಒಂದು ಬಾದಾಮಿ ಮರ. ಯಾರ ಕಣ್ಣಿಗೂ ಬೀಳದ ಮೂಲೆ. ಮೆಲ್ಲಗೆ ಅಲ್ಲಿಗೆ ಜಾರಿ, ಒಂದು ಪೆಟ್ಟಿಗೆ ಬೋರಲು ಹಾಕಿ ಕುಳಿತೆ. ಬಸ್ಸು ಬಂದು ಹೋಗುವವರೆಗೆ ಏಳುವುದಿಲ್ಲ ಎಂದು ನಿಶ್ಚಯಿಸಿ, ನೆರೈದಾ ಮನೆಯಲ್ಲೇ ಉಳಿದ ಸಂಜೆಯನ್ನು ಕಲ್ಪಿಸಿಕೊಂಡೆ. ಅವಳ ತೂಗುಕುರ್ಚಿಯ ಪಕ್ಕ ನಾನು ಕುಳಿತಿದ್ದೆ. ಫ್ಯಾನಿನ ಬದಲು ನಾನೇ ಬಾಯಿಂದ ಘರ್ರ್ ಎನ್ನುತ್ತಿದ್ದೆ, ಶ್ಶ್ ಎನ್ನುತ್ತಿದ್ದೆ. ರಾತ್ರಿಯಿಡೀ ಎನ್ನಲು ಸಿದ್ಧನಿದ್ದೆ! ನಿಜ ಹೇಳುತ್ತೇನೆ, ಆ ಪೆಟ್ಟಿಗೆಯ ಮೇಲೆ ಕುಳಿತು ಒಂದೆರಡು ಸಲ ಅಭ್ಯಾಸವನ್ನೂ ಮಾಡಿದೆ.

ಹಿಂದಿನಿಂದ ಯಾರೋ ಕೆಮ್ಮಿದರು.

ಸೆರಾಫಿನ್ ಮೇಷ್ಟ್ರು! ಅವರ ಹಿಂದೆ ಹುಂಜದ ಅಜ್ಜಿ. ಅಜ್ಜಿಯ ಹಿಂದೆ ಇಡೀ ಓಲ್ಗೀನ್ ಕ್ಯೂ, ಗಂಟುಮೂಟೆ ಸಮೇತ!

"ಇಲ್ಯಾಕೆ ಬಂದ್ರಿ?"

ಮೇಷ್ಟ್ರು ಕಣ್ಣು ಮಿಟುಕಿಸಿದರು. "ನೀನ್ಯಾಕೆ ಬಂದೆಯೋ ಅದಕ್ಕೇ."

"ಇಲ್ಲಿ ಬಸ್ಸು ಬರಲ್ಲ ಮೇಷ್ಟ್ರೇ!"

"ಬರಲ್ಲ, ಬರಲ್ಲ," ಎಂದು ಹಿಂದೆ ತಿರುಗಿ ಪಿಸುಗುಟ್ಟಿದರು, "ಬರಲ್ಲ ಅಂತಿದ್ದಾನೆ. ಅಂದ್ರೆ ಎರಡು ಬಸ್ಸು!"

"ದೇವರಾಣೆಗೂ ಇಲ್ಲ! ಎಲ್ಲ ವಾಪಸ್ ಹೋಗಿ!"

"ಆಣೆ ಬೇರೆ ಇಡ್ತಿದ್ದಾನೆ!" ಎಂದಳು ಅಜ್ಜಿ ಸಂಭ್ರಮದಿಂದ. "ಹವಾನಿಯಂತ್ರಿತ ಇರಬೇಕು!"

ಸುದ್ದಿ ನಿಲ್ದಾಣದ ತುಂಬ ಹರಡಿತು. ಬಯಾಮೊ ಕ್ಯೂ ಎದ್ದು ಬಂತು. ಸಾಂತಿಯಾಗೊ ಕ್ಯೂ ಎದ್ದು ಬಂತು. ಕಡಲೆಕಾಯಿ ಮಾರುವವನು ಬಂದು ವ್ಯಾಪಾರ ಬಿಟ್ಟು ಜಾಗ ಹಿಡಿದ. ಈ ಗದ್ದಲ ಚದುರಿಸಲು ಬಂದ ಪೊಲೀಸನು ಲಾಠಿ ಬಗಲಿಗೆ ಸಿಕ್ಕಿಸಿಕೊಂಡು, "ಕೊನೆಯವರು ಯಾರು? ನಮ್ಮ ಅತ್ತೆಗೊಂದು ಸೀಟು ಬೇಕಿತ್ತು," ಎಂದ! ಕೊನೆಯವನಾಗಲೆಂದು ಓಡಿಬಂದ ನಾನು ಹಿಂದೆಂದೂ ಯಾರೂ ಕಾಣದಷ್ಟು ಉದ್ದದ ಕ್ಯೂವಿನ ಮೊದಲನೆಯವನಾಗಿ, ಬಾರದ ಬಸ್ಸಿಗಾಗಿ, ಬಾದಾಮಿ ಮರಕ್ಕೆ ಮುಖ ಮಾಡಿ ನಿಂತಿದ್ದೆ!

ಇತ್ತ ನಿಜವಾದ ಬಸ್ಸು ನಿಜವಾದ ಕಟ್ಟೆಗೆ ಬಂದು ನಿಂತಿತ್ತು. ಟಿಕೆಟ್ ಕೊಡುವ ಹೆಂಗಸು ಕಿಟಕಿ ತೆರೆದು ನೋಡಿದರೆ ನರಪಿಳ್ಳೆಯಿಲ್ಲ. ಆಗ ತಾನೇ ಬೇರೆ ಊರಿನಿಂದ ಬಂದಿಳಿದ ಸಂಸಾರವೊಂದು "ಕೊನೆಯವರು ಯಾರು?" ಎಂದು ಖಾಲಿ ಗಾಳಿಗೆ ಕೇಳಿ, ಉತ್ತರ ಬಾರದೆ ಹೆದರಿ, ತಾವೇ ಮೊದಲಿಗರೆಂದು ತಿಳಿದು ಟಿಕೆಟ್ ಕೊಂಡಿತು. ಆಮೇಲೆ ಧ್ವನಿವರ್ಧಕ ಗೊರಗುಟ್ಟಿತು: "ಓಲ್ಗೀನ್! ಓಲ್ಗೀನ್! ಇನ್ನೊಂದೇ ಸೀಟು! ಯಾರೂ ಇಲ್ವಾ ಊರಲ್ಲಿ?"

ಮಹಾವಲಸೆ! ಇಡೀ ಕ್ಯೂ ತಿರುಗಿ ಓಡಿತು. ಆದರೆ ನಮ್ಮವರ ಶಿಸ್ತನ್ನು ಹೊಗಳಲೇಬೇಕು. ಕಿಟಕಿಯ ಮುಂದೆ ಬಂದದ್ದೇ ಎಲ್ಲರೂ ಗಕ್ಕನೆ ನಿಂತರು. ನನ್ನ ಮುಂದಿದ್ದ ಇಬ್ಬರು, "ಅವನು ಮರದ ಹತ್ರ ಹೋದಾಗ ನಾವು ಅವನ ಹಿಂದೆ ಹೋದ್ವಿ, ಈಗ ನಾವು ಅವನ ಹಿಂದೇನೇ," ಎಂದು ಒಪ್ಪಿಕೊಂಡರು. ಮೇಷ್ಟ್ರು, "ನಾನು ಎವೇಲಿಯೊ ಹಿಂದೆ!" ಎಂದರು. ಅಜ್ಜಿ, "ನಾನು ಮೇಷ್ಟ್ರ ಹಿಂದೆ!" ಎಂದಳು. ಹತ್ತಾರು ಕೈಗಳು ನನ್ನನ್ನು ಹೆಗಲ ಮೇಲೆ ಹೊತ್ತಂತೆ ತಂದು ಕಿಟಕಿಗೆ ಒತ್ತಿದವು. ಇಷ್ಟೆಲ್ಲ ಹೋರಾಡಿಯೂ ನನಗೆ ಸೋಲಲಾಗಲಿಲ್ಲ!

"ಒಂದು ಸೀಟು. ಬೇಕಾ, ಬೇಡ್ವಾ? ಬೇಗ ಹೇಳಪ್ಪ, ನನಗೆ ಊಟದ ಹೊತ್ತು," ಎಂದಳು ಕಿಟಕಿಯ ಹೆಂಗಸು.

ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ನೆರೈದಾ ಬಂದಳು. ನೀಲಿ ಉಡುಪು, ಪೆಟ್ಟಿಗೆಯಿಂದ ಈಚೆಗೆ ತೆಗೆದದ್ದೇ ನಾನು ಕಂಡಿರಲಿಲ್ಲ. ಕೆನ್ನೆಗೆ ಒಂಚೂರು ಬಣ್ಣ. ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಬುತ್ತಿ. ನೀಲಿ ಉಡುಪಿನಲ್ಲಿ ಅವಳನ್ನು ಕಂಡು ನನಗೆ ಪ್ರೀತಿ ಉಕ್ಕಿಬಂತು. ಪ್ರೀತಿ ಉಕ್ಕಿದಾಗಲೂ ನನ್ನ ಬಾಯಿ ಜೋರಾಗುತ್ತದೆ.

"ಒಂದೇ ಸೀಟು!" ಎಂದು ಘೋಷಿಸಿದೆ. "ಒಂದೇ! ನಿನ್ನ ಜೊತೆಗಾರ ಎಲ್ಲಿ? ಕರಿ! ಅವನಿಗೆ ಎವೇಲಿಯೊ ಸೀಟು ಹಿಡಿದಿಲ್ಲ ಅಂತ ಹೇಳು! ನಡಕೊಂಡು ಬರಲಿ!"

ನಿಲ್ದಾಣವೇ ನಮ್ಮ ಕಡೆ ತಿರುಗಿತು. ಹುಂಜ ಕೂಡ.

"ಯಾವ ಜೊತೆಗಾರ?"

"ಆ ಒಸ್ವಾಲ್ದೊ!"

ನೆರೈದಾ ಸೂಟ್‌ಕೇಸನ್ನು ನೆಲಕ್ಕಿಟ್ಟು ತೆರೆದಳು. ಮೇಲೆಯೇ ನನ್ನ ಈಜುಚಡ್ಡಿ, ಇಸ್ತ್ರಿ ಮಾಡಿದ್ದು. ಈಜುಚಡ್ಡಿಗೆ ಇಸ್ತ್ರಿ ಮಾಡಿದ ಹೆಂಗಸನ್ನು ಜಗತ್ತಿನಲ್ಲಿ ನೀವು ಬೇರೆಲ್ಲೂ ಕಾಣಲಾರಿರಿ. ಅದರ ಕೆಳಗೆ ನನ್ನ ಕ್ಷೌರದ ಸಾಮಾನು, ನನ್ನ ರಕ್ತದೊತ್ತಡದ ಮಾತ್ರೆ, ನನ್ನ ಎರಡು ಅಂಗಿ.

"ಕರೆದ್ರೆ ನೀನು ಬರ್ತಿರ್ಲಿಲ್ಲ," ಎಂದಳು. "ಕೆಲಸ ಅಂತ ಹೇಳಿದ್ರೆ ಮಾತ್ರ ನಿಲ್ತೀಯ. ಅದಕ್ಕೇ ದುಡ್ಡು ಕೊಟ್ಟೆ ಕಣೋ ಮುದುಕಾ. ಕ್ಯೂನಲ್ಲಿ ಮೊದಲನೆಯವನಾಗಿ ನಿಂತಿರ್ತೀಯ, ಅಲ್ಲಿಂದ ಹಾಗೇ ಬಸ್ಸಿಗೆ ಹತ್ತಿಸಿಬಿಡೋಣ ಅಂದ್ಕೊಂಡಿದ್ದೆ."

ಸೆರಾಫಿನ್ ಮೇಷ್ಟ್ರು ತಲೆಯ ಮೇಲಿನ ಹ್ಯಾಟು ತೆಗೆದು ಎದೆಗಿಟ್ಟುಕೊಂಡರು, ಸತ್ತವರ ಮುಂದೆ ನಿಂತ ಹಾಗೆ.

"ಹಾಗಾದ್ರೆ ಇವತ್ತು ಬೇಡ ನೆರೈದಾ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. "ನಾಳೆ ಇಬ್ಬರೂ ಹೋಗೋಣ. ನಾಳೆ ಖಂಡಿತ."

ಅವಳು ಬಸ್ಸಿನ ಕಡೆ ನೋಡಿದಳು. ಅದರ ತೆರೆದ ಬಾಗಿಲನ್ನು ನೋಡಿದ ಆ ನೋಟದಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಮೇಲಿತ್ತು, ಅದಕ್ಕೆ ನನ್ನಲ್ಲಿ ಹತ್ತಾರು ಮದ್ದಿವೆ. ಮನೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದಾಗ ಆ ರೆಪ್ಪೆಗಳ ಹಿಂದೆ ಏನಿತ್ತೆಂದು ಆಗ ಕಂಡೆ.

"ನಾಳೆ ಅಂತ ಇನ್ನೊಂದು ಸಲ ಹೇಳಬೇಡ," ಎಂದಳು. "ಇವತ್ತು ಹತ್ತದೇ ಇದ್ರೆ ನಾನು ಇನ್ಯಾವತ್ತೂ ಹತ್ತಲ್ಲ, ನನಗೆ ಗೊತ್ತು."

ನಾನು ಕಿಟಕಿಯ ಕಡೆ ತಿರುಗಿ, "ಒಂದು," ಎಂದೆ. ಟಿಕೆಟನ್ನು ಅವಳ ಕೈಗೆ ಕೊಟ್ಟೆ.

ಬಸ್ಸಿನ ಕಿಟಕಿಯಿಂದ ಅವಳು ಈಜುಚಡ್ಡಿಯನ್ನೂ ಅಂಗಿಗಳನ್ನೂ ನನ್ನ ತೋಳಿಗೆ ಹಾಕಿ, ಮಾತ್ರೆಯನ್ನೂ ಕ್ಷೌರದ ಸಾಮಾನನ್ನೂ ಕೈಗಿತ್ತಳು. ಬುತ್ತಿ ಬಿಚ್ಚಿ, ಹುರಿದ ಬಾಳೆಕಾಯಿಯಲ್ಲಿ ಅರ್ಧ ಕೊಟ್ಟಳು. "ಮಾತ್ರೆ ಮರೀಬೇಡ. ಸಂಜೆ ಹೊತ್ತು ಕಡಲ ಕಟ್ಟೆ ಮೇಲೆ ಕೂತಿರ್ತೀನಿ. ಬಂದ್ರೆ ಅಲ್ಲಿಗೇ ಬಾ."

"ಬಂದ್ರೆ ಅಂತಾ?"

"ನಿನ್ನನ್ನ ನಾನು ನೋಡಿದ್ದೀನಲ್ಲೋ," ಎಂದು ನಕ್ಕಳು. ಬಸ್ಸು ಹೊರಟಿತು. ಈಜುಚಡ್ಡಿ ಬೀಸಿ ಕೈ ಮಾಡಿದೆ. ಇಡೀ ಕ್ಯೂ ನನ್ನೊಡನೆ ಕೈ ಮಾಡಿತು. ಪೊಲೀಸನು ಸೆಲ್ಯೂಟ್ ಹೊಡೆದ.

ಮನೆಗೆ ಹೋಗಲಿಲ್ಲ. ಸದ್ದಿಲ್ಲದೆ ತಿರುಗುವ ಆ ಫ್ಯಾನಿನ ಎದುರು ಕೂರಲು ನನಗೆ ಧೈರ್ಯವಿರಲಿಲ್ಲ. ಮರುದಿನದ ಬಸ್ಸಿಗೆ ಕ್ಯೂ ಆಗಲೇ ಶುರುವಾಗಿತ್ತು. ಈ ಬಸ್ಸು ತಪ್ಪಿದವರೆಲ್ಲ ನಾನು ಕೈ ಬೀಸುತ್ತಿದ್ದಾಗಲೇ ಚುರುಕಾಗಿ ಜಾಗ ಹಿಡಿದಿದ್ದರು. ಮೇಷ್ಟ್ರು ಮೂರನೆಯವರು. ನಾನು ಎಷ್ಟೋ ಹಿಂದೆ, ಕಡಲೆಕಾಯಿಯವನ ಹಿಂದೆ. ಮೇಷ್ಟ್ರು ತಮ್ಮ ಜಾಗ ಕೊಡಲು ಬಂದರು. ಅವರಿಗೆ ಮೊಮ್ಮಗಳ ನಾಮಕರಣವಿತ್ತು, ಬೇಡವೆಂದೆ.

ವಿಚಿತ್ರ ನೋಡಿ. ಆಯುಷ್ಯವೆಲ್ಲ ಕಾದ ನನಗೆ ಕಾಯುವುದೆಂದರೇನೆಂದೇ ತಿಳಿದಿರಲಿಲ್ಲ. ಬೇರೆಯವರ ಕೋಳಿಗೆ ಕಾಯುವಾಗ ಹೊತ್ತು ತಂತಾನೇ ಸರಿಯುತ್ತಿತ್ತು, ಹರಟೆ ಹೊಡೆಯುತ್ತಿದ್ದೆ, ಹಾಡು ಹೇಳುತ್ತಿದ್ದೆ. ಈಗ ನಿಲ್ದಾಣದ ಗಡಿಯಾರ ನನ್ನ ಮುಖ ನೋಡಿಯೇ ನಿಂತುಬಿಟ್ಟಂತಿತ್ತು. ಈಗ ಅವಳು ಓಲ್ಗೀನ್‌ನಲ್ಲಿ ಇಳಿದಿರಬೇಕು. ಈಗ ಲಾರಿ ಹತ್ತಿರಬೇಕು, ಸೂಟ್‌ಕೇಸನ್ನು ಯಾರಾದರೂ ಎತ್ತಿಕೊಟ್ಟಿರುತ್ತಾರೆ. ಈಗ ದಿಬ್ಬದ ತಿರುವು. ಅಲ್ಲಿಂದ ಕಾಣುತ್ತದೆ ಎಂದು ಅವಳು ಹೇಳುತ್ತಿದ್ದಳು, ಒಮ್ಮೆಲೇ ಕಾಣುತ್ತದೆ, ಇಡಿಯಾಗಿ. ನಾನು ಯಾವತ್ತೂ ಸರಿಯಾಗಿ ಕಿವಿಗೊಟ್ಟಿರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಕೈಯಲ್ಲಿದ್ದ ಬಾಳೆಕಾಯಿ ತಣ್ಣಗಾಗಿತ್ತು. ತಿನ್ನಲು ಮನಸ್ಸಾಗದೆ ಹಾಗೆಯೇ ಹಿಡಿದು ನಿಂತಿದ್ದೆ.

ಗರಿಗರಿ ಬಿಳಿಯಂಗಿಯ ಒಬ್ಬ ಮನುಷ್ಯ ಕ್ಯೂ ಉದ್ದಕ್ಕೂ ವಿಚಾರಿಸುತ್ತ ನನ್ನ ಬಳಿ ಬಂದ.

"ನೀವೇ ಅಲ್ವಾ ಎವೇಲಿಯೊ? ಅಬ್ಬಾ, ಸಿಕ್ಕಿದ್ರಲ್ಲ! ಇಡೀ ಪ್ರಾಂತ್ಯದಲ್ಲಿ ನಿಮ್ಮಂಥ ಆಸಾಮಿ ಇಲ್ಲ ಅಂತಾರೆ. ಇವತ್ತು ಮೂರೂರಿನ ಕ್ಯೂನ ಒಂದೇ ಕಣ್ಸನ್ನೇಲಿ ಮರದ ಬುಡಕ್ಕೆ ನಡೆಸಿದ್ರಂತೆ! ನಂಗೆ ನಾಳೆ ಓಲ್ಗೀನ್ ಸೇರಲೇಬೇಕು. ಕೇಳಿದಷ್ಟು ಕೊಡ್ತೀನಿ, ನಿಮ್ಮ ಈ ಜಾಗ ನಂಗೆ ಬಿಟ್ಕೊಡಿ, ದೊರೆ!"

"ಆಗಲ್ಲಪ್ಪ," ಎಂದೆ. "ನಾನು ಹೆಂಡ್ತಿ ಹತ್ರ ಹೋಗ್ಬೇಕು."